ಕಾರ್ಡ್ ಖಾಲಿ ಮಾಡಬಹುದಾ?

"ನಮಸ್ಕಾರ. ನಮ್ಮ ಸಂಸ್ಥೆಗೆ ಕರೆ ಮಾಡಿದ್ದಕ್ಕಾಗಿ ಧನ್ಯವಾದಗಳು. ಕನ್ನಡಕ್ಕಾಗಿ ಒಂದನ್ನು ಒತ್ತಿರಿ..."

ಪ್ರಣೀತಾ ಒಂದನ್ನು ಒತ್ತಿದಳು.

"ನಿಮ್ಮ ಕಂಪ್ಯೂಟರ್ ನಿಧಾನವಾಗಿದ್ದರೆ ಎರಡನ್ನು ಒತ್ತಿರಿ. ಸತ್ತೇ ಹೋಗಿದ್ದರೆ ಮೂರನ್ನು ಒತ್ತಿರಿ. ಪಾಸ್‌ವರ್ಡ್ ಮರೆತಿದ್ದರೆ ನಿಮ್ಮ ಹಣೆಯನ್ನು ಒತ್ತಿರಿ..."

ಹಣೆಯನ್ನಾ?!

ಮಂಗಳೂರಿನ ಹಂಪನಕಟ್ಟೆಯ ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ಅವಳು ಅಲ್ಲೇ ನಿಂತಳು. ಫೋನಿನಲ್ಲಿ ಕೇಳುತ್ತಿದ್ದ ಆ ಇಂಪಾದ ಹೆಂಗಸಿನ ಧ್ವನಿ ಮೇಲಿನ ಮಹಡಿಯಿಂದಲೂ ಕೇಳುತ್ತಿತ್ತು!

ಉಳಿದ ಮೆಟ್ಟಿಲುಗಳನ್ನು ಸದ್ದಿಲ್ಲದೆ ಹತ್ತಿ ಬಾಗಿಲಲ್ಲಿ ಇಣುಕಿದಳು. ಒಳಗೆ, ಬಿಚ್ಚಿಟ್ಟ ಲ್ಯಾಪ್‌ಟಾಪುಗಳ ನಡುವೆ, ಮೂವತ್ತರ ಆಸುಪಾಸಿನ ಒಬ್ಬ ಗಡ್ಡದವನು ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಮೂಗು ಹಿಡಿದು, ಕತ್ತು ಕೊಂಕಿಸುತ್ತ ಫೋನಿಗೆ ಹೇಳುತ್ತಿದ್ದ.

"ನಮ್ಮ ಎಲ್ಲ ಪ್ರತಿನಿಧಿಗಳೂ ಈಗ ಕಾರ್ಯನಿರತರಾಗಿದ್ದಾರೆ..."

"ಒಟ್ಟು ಎಷ್ಟು ಜನ ಉಂಟು ಪ್ರತಿನಿಧಿಗಳು?" ಪ್ರಣೀತಾ ಕೇಳಿದಳು.

ಅವನು ಕಣ್ಣು ತೆರೆದ. ಮೂಗು ಬಿಟ್ಟ. ಮುಖ ಕೆಂಪಾಯಿತು.

"ನಾನೊಬ್ಬನೇ..." ಈ ಸಲ ಬಂದದ್ದು ಗಂಡಸಿನ ಧ್ವನಿ. ಸ್ವಲ್ಪ ಒಡಕು, ತುಂಬ ಸಂಕೋಚ.

"ಐದು ನಿಮಿಷ ಮೆಟ್ಟಿಲಲ್ಲಿ ನಿಂತು ನಂಬರ್ ಒತ್ತಿದ್ದೇನೆ ನಾನು! ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ?"

"ಉಂಟು. ಕೆಲಸ ಜಾಸ್ತಿ ಇದ್ದಾಗಲೇ ಹೀಗೆ ಮಾಡುವುದು. ಅರ್ಧ ಜನ ಫೋನ್ ಇಡ್ತಾರೆ."

ಸಿಟ್ಟಾಗಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ಅದೇ ಅವಳು ಮಾಡಿದ ಮೊದಲ ತಪ್ಪು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಆ ಹೊತ್ತಿಗೆ ಮಾತ್ರ ಎದೆಯೊಳಗೆ ಏನೋ ಹಗುರಾಗಿತ್ತು...

ಅವನ ಹೆಸರು ಲತೇಶ್. ಅವಳು ಬಂದದ್ದು ಒಂದು ಪೆಟ್ಟಿಗೆಯ ವಿಷಯಕ್ಕೆ.

ಪ್ರಣೀತಾ ಮದುವೆಗಳ ವಿಡಿಯೋ ಮಾಡುವವಳು. ವಾಮಂಜೂರಿನ ಮನೆಯ ಮಹಡಿಯ ಕೋಣೆಯೇ ಅವಳ ಸ್ಟುಡಿಯೋ. ಮನೆಯ ನೆಟ್ಟಿಗೆ ಸಿಕ್ಕಿಸಿದ ಒಂದು ಕಪ್ಪು ಪೆಟ್ಟಿಗೆಯಲ್ಲಿ ಅವಳ ಅಷ್ಟೂ ಮದುವೆಗಳಿದ್ದವು. ಅದರೊಳಗೆ ಎರಡು ಡಿಸ್ಕ್. ಒಂದರಲ್ಲಿ ಇದ್ದದ್ದೆಲ್ಲ ಇನ್ನೊಂದರಲ್ಲೂ. ಹೆಸರು ನಾಸ್.

"ಹೆಸರಿಡುವಾಗ ಯಾರೂ ಕನ್ನಡದವರನ್ನು ಕೇಳ್ಲಿಲ್ಲ ಕಾಣ್ತದೆ," ಎಂದ ಲತೇಶ್. "ನಾಸ್ ನಾಶ ಆದ್ರೆ?"

"ಅದಕ್ಕೇ ಬಂದದ್ದು. ನನ್ನ ಗೆಳತಿಯ ಸ್ಟುಡಿಯೋದಲ್ಲಿ ಮೇಲಿನವರ ನೀರಿನ ಟ್ಯಾಂಕ್ ಒಡೆದು ಎಲ್ಲ ಹೋಯ್ತು. ಎರಡು ಡಿಸ್ಕೂ ಒಟ್ಟಿಗೆ! ನನಗೆ ಮನೆಯ ಹೊರಗೆ ಒಂದು ಪ್ರತಿ ಬೇಕು. ಕ್ಲೌಡ್‌ನಲ್ಲಿ. ಯಾವುದು ಒಳ್ಳೆಯದು ಹೇಳಿ."

ಅವನು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನ ಮೇಲೆ ಚೌಕಗಳನ್ನು ಬರೆದ. ಪ್ರತಿ ಸರ್ವೀಸಿಗೂ ಒಂದೊಂದು ಧ್ವನಿ!

ಮೊದಲನೆಯದಕ್ಕೆ ರಾಜಕಾರಣಿಯ ಗಂಟಲು. "ಬಂಧುಗಳೇ, ಎಷ್ಟು ಬೇಕಾದರೂ ತುಂಬಿಸಿ, ಮಿತಿಯೇ ಇಲ್ಲ! ಆದರೆ ಕಂಪ್ಯೂಟರ್ ಮಾತ್ರ. ನಿಮ್ಮಂಥ ಪೆಟ್ಟಿಗೆಗಳಿಗೆ ಪ್ರವೇಶ ಇಲ್ಲ."

ಎರಡನೆಯದಕ್ಕೆ ಹಳೆಯ ಬ್ಯಾಂಕ್ ಗುಮಾಸ್ತ. "ಇಡ್ಲಿಕ್ಕೆ ಅಗ್ಗ. ತೆಗೀಲಿಕ್ಕೆ ಬಂದ್ರೆ ಅರ್ಜಿ ಕೊಟ್ಟು ಹನ್ನೆರಡು ಗಂಟೆ ಕಾಯಿರಿ. ಊಟದ ಹೊತ್ತು, ನಾಳೆ ಬನ್ನಿ."

ಮೂರನೆಯದಕ್ಕೆ ಅತಿವಿಧೇಯ ಸೊಸೆ. "ನೀವು ಇಟ್ಟದ್ದು ಇಡ್ತೇನೆ ಅತ್ತೆ, ನೀವು ತಪ್ಪಿ ಬಿಸಾಡಿದ್ರೆ ನಾನೂ ಬಿಸಾಡ್ತೇನೆ ಅತ್ತೆ."

ಪ್ರಣೀತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ಬೇಡ! ನನ್ನ ಕೈಯಲ್ಲಿ ಏನಾದ್ರೂ ಡಿಲೀಟ್ ಆದ್ರೂ ಅಲ್ಲಿ ಇರ್ಬೇಕು."

"ಹಾಗಾದ್ರೆ ನಾಲ್ಕನೆಯದು." ಅವನ ಧ್ವನಿ ಮಾಮೂಲಾಯಿತು. "ಮುಂಬೈಯಲ್ಲಿ ಇಡ್ತಾರೆ. ಡಿಲೀಟ್ ಆದದ್ದೂ ಮೂರು ತಿಂಗಳು ಇರ್ತದೆ. ಕೀ ನಿಮ್ಮ ಹತ್ರವೇ, ಅವರಿಗೂ ತೆರೀಲಿಕ್ಕೆ ಆಗುದಿಲ್ಲ. ಆದ್ರೆ ಒಂದು ನೆನಪಿಡಿ. ವಾಪಸ್ ತಂದು ನೋಡುವವರೆಗೆ ಅದು ಬ್ಯಾಕಪ್ ಅಲ್ಲ. ಬರೀ ಆಸೆ."

ಆ ಮಾತನ್ನು ಅವಳು ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು. ಆ ಒಡಕು ಧ್ವನಿಯನ್ನೂ.

ಮಾರ್ಚ್ ಕೊನೆಯ ವಾರ ಲತೇಶ್ ವಾಮಂಜೂರಿಗೆ ಬಂದ. ಬಾಗಿಲು ತೆರೆದ ಮಾಯಿಲಪ್ಪನನ್ನು ನೋಡಿದ್ದೇ ತಡ, "ಮಾಯಿಲಣ್ಣ! ಇದು ನಿಮ್ಮ ಮನೆಯಾ!" ಎಂದು ಕೈ ಹಿಡಿದುಕೊಂಡ.

ಮಾಯಿಲಪ್ಪ ಪ್ರಣೀತಾಳ ಅಪ್ಪ. ಮೂವತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರ್. ಲತೇಶ್ ಶಾಲೆಗೆ ಹೋದದ್ದು ಅವರ ಬಸ್ಸಿನಲ್ಲೇ. ಮಾತು ಕನ್ನಡದಿಂದ ತುಳುವಿಗೆ ಇಳಿಯಿತು, ಪ್ರಣೀತಾಳೊಡನೆಯೂ ಅಂದಿನಿಂದ ತುಳುವೇ ಆಯಿತು.

"ಇದು ಎಂತ ಮಾಡ್ತದೆ?" ಪೆಟ್ಟಿಗೆಯನ್ನು ತೋರಿಸಿ ಮಾಯಿಲಪ್ಪ ಕೇಳಿದರು.

"ದಿನಾ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ, ಒಳಗಿದ್ದದ್ದೆಲ್ಲ ಸ್ವಲ್ಪ ಸ್ವಲ್ಪವೇ ಮೇಲೆ ಹೋಗ್ತದೆ."

"ಮೇಲೆ ಅಂದ್ರೆ?"

"ಮುಂಬೈಗೆ."

"ಹಾಗೆ ಹೇಳು ಮಾರಾಯ! ಮೇಲೆ ಹೋಗ್ತದೆ ಅಂದ್ರೆ ಈ ಪ್ರಾಯದಲ್ಲಿ ಗಾಬರಿ ಆಗುದಿಲ್ವಾ?"

ಎಲ್ಲರೂ ನಕ್ಕರು. ದೂರದಲ್ಲಿ ಆ ವರ್ಷದ ಮೊದಲ ಗುಡುಗು ಕೇಳಿಸಿತು. ಮಾಯಿಲಪ್ಪ ತಟ್ಟನೆ ಎದ್ದರು. ಟೀವಿ, ಫ್ರಿಜ್, ಮಿಕ್ಸಿ... ಒಂದೊಂದೇ ಪ್ಲಗ್ ಕೀಳುತ್ತ ಹೋದರು. ಇಲ್ಲಿ ಹೆಚ್ಚಿನ ಮನೆಗಳಲ್ಲೂ ಅದೇ ರೂಢಿ. ಗುಡುಗು ಕೇಳಿತೆಂದರೆ ದೀಪ ಹಚ್ಚುವ ಮೊದಲು ಪ್ಲಗ್ ಕೀಳಬೇಕು. ಹಿಂದೊಮ್ಮೆ ಕೇಬಲ್ ತಂತಿಯಲ್ಲಿ ಬಂದ ಸಿಡಿಲು ಅವರ ಹೊಸ ಟೀವಿಯನ್ನು ಹೊಗೆ ಮಾಡಿತ್ತು. ಅಂದಿನಿಂದ ಮಾಯಿಲಪ್ಪನ ಕೈ ತಡೆಯುತ್ತಿರಲಿಲ್ಲ.

ಅವರ ಕೈ ನೆಟ್ಟಿನ ರೂಟರಿನ ಪ್ಲಗ್ಗಿನ ಕಡೆಗೆ ಹೋಯಿತು.

"ಅಪ್ಪಾ! ಅದನ್ನು ಮುಟ್ಟಬೇಡಿ! ಎಷ್ಟು ಸಲ ಹೇಳಿದ್ದೇನೆ? ಹೋದ ವರ್ಷ ಇದನ್ನೇ ಎಳೆದು ನನ್ನ ಒಂದಿಡೀ ದಿನದ ಕೆಲಸ ಹಾಳು ಮಾಡಿದ್ದು ನೆನಪಿಲ್ವಾ? ಈ ಮನೆಯಲ್ಲಿ ನೀವು ಯಾವುದನ್ನೂ ಮುಟ್ಟುವುದೇ ಬೇಡ!"

ಮಾಯಿಲಪ್ಪನ ಕೈ ಗಾಳಿಯಲ್ಲೇ ನಿಂತಿತು. ಮೆಲ್ಲನೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಜಗಲಿಗೆ ಹೋಗಿ ಕುಳಿತರು. ಲತೇಶ್ ಅವರ ಬೆನ್ನನ್ನೇ ನೋಡುತ್ತಿದ್ದ. ಪ್ರಣೀತಾ ಪಾಸ್‌ವರ್ಡ್ ಬರೆಯುತ್ತಿದ್ದಳು, ನೋಡಲಿಲ್ಲ.

"ದಿನದ ರಿಪೋರ್ಟ್ ಯಾವ ಮೇಲ್‌ಗೆ ಕಳಿಸ್ಬೇಕು?" ಅವನು ಕೇಳಿದ.

"ನಿಮ್ಮದಕ್ಕೇ ಹಾಕಿ. ಸೀಸನ್‌ನಲ್ಲಿ ನನಗೆ ಉಸಿರಾಡ್ಲಿಕ್ಕೆ ಪುರುಸೊತ್ತು ಇಲ್ಲ. ನಿಮ್ಮ ಮೇಲೆ ನಂಬಿಕೆ ಉಂಟು."

ಏಪ್ರಿಲ್, ಮೇ. ಮಂಗಳೂರಿನ ಮದುವೆ ಹಾಲ್‌ಗಳೆಲ್ಲ ತುಂಬಿದ್ದವು. ಪ್ರಣೀತಾ ಏಳು ಮದುವೆ ಮುಗಿಸಿದಳು. ತುಂಬಿದ ಕಾರ್ಡುಗಳನ್ನು ಬಿಸ್ಕತ್ ಡಬ್ಬದಲ್ಲಿ ಜೋಪಾನವಾಗಿಟ್ಟಳು. ಅವಳದು ಒಂದು ನಿಯಮವಿತ್ತು, ಎರಡು ಬೇರೆ ಬೇರೆ ಜಾಗದಲ್ಲಿ ಪ್ರತಿ ಆಗುವವರೆಗೆ ಕ್ಯಾಮೆರಾದ ಕಾರ್ಡ್ ಖಾಲಿ ಮಾಡಬಾರದು. ಏನೇ ಆಗಲಿ, ಮಾಡಬಾರದು.

ಲತೇಶ್ ಆಗಾಗ ಬರುತ್ತಿದ್ದ. ಏನಾದರೂ ನೆಪ. ಒಂದು ವೈರು, ಒಂದು ಸ್ಕ್ರೂ. ಒಂದು ಸಲ ಅವಳು ಶೂಟಿಂಗಿಗೆ ಹೋಗಿದ್ದಾಗ ಬಂದು ಮಾಯಿಲಪ್ಪನೊಂದಿಗೆ ಗಂಟೆಗಟ್ಟಲೆ ಕುಳಿತಿದ್ದನಂತೆ. ಎಂತ ಮಾತಾಡಿದ್ರಿ ಎಂದು ಕೇಳಿದರೆ ಇಬ್ಬರೂ ಗಂಟಲು ಸರಿಮಾಡಿಕೊಂಡರು. 'ಹೆಣ್ಣು ಕೇಳಿರಬಹುದಾ?' ಎಂದು ಯೋಚಿಸಿ ಅವಳು ಕನ್ನಡಿಯ ಮುಂದೆ ಒಬ್ಬಳೇ ನಾಚಿಕೊಂಡಳು...

ಅಯ್ಯೋ, ಆ ನಾಚಿಕೆಯನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತದೆ.

ಎಂಟನೆಯ ಮದುವೆಯ ದಿನ ಬೆಳಗ್ಗೆ ಡಬ್ಬ ತೆರೆದು ನೋಡಿದರೆ ಒಂದೂ ಖಾಲಿ ಕಾರ್ಡಿಲ್ಲ. ಮುಹೂರ್ತಕ್ಕೆ ಎರಡು ಗಂಟೆ. ಫೋನ್ ಮಾಡಿದಳು.

"ಲತೇಶ್, ಏಳು ಮದುವೆಯೂ ಮೇಲೆ ಹೋಗಿದ್ಯಾ? ಕಾರ್ಡ್ ಖಾಲಿ ಮಾಡಬಹುದಾ?"

ಆ ಕಡೆ ಟೈಪ್ ಮಾಡುತ್ತಿದ್ದ ಸದ್ದು ನಿಂತಿತು.

"ಮಾಡಿ."

"ಅಬ್ಬ! ನಿಮಗೆ ಪುಣ್ಯ ಬರ್ಲಿ!"

"ಪ್ರಣೀತಾ... ಸೀಸನ್ ಮುಗಿದ ಮೇಲೆ ನಿಮ್ಮ ಹತ್ರ ಒಂದು ಮಾತು ಹೇಳ್ಲಿಕ್ಕುಂಟು."

"ಯಾರ ಧ್ವನಿಯಲ್ಲಿ?"

"ನನ್ನದರಲ್ಲೇ."

ಅವಳು ನಗುನಗುತ್ತಲೇ ಏಳು ಮದುವೆಯ ಕಾರ್ಡುಗಳನ್ನು ಒಂದೊಂದಾಗಿ ಖಾಲಿ ಮಾಡಿದಳು.

ನಾಲ್ಕು ದಿನ ಕಳೆದವು. ಮಾಯಿಲಪ್ಪ ಮೂಡುಬಿದಿರೆಗೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದರು. ಪ್ರಣೀತಾ ಹೂವಿನ ಅಲಂಕಾರದವರನ್ನು ನೋಡಲು ಪೇಟೆಗೆ ಬಂದಿದ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ಆಕಾಶ ಕಪ್ಪಾಯಿತು. ಒಂದೇ ಒಂದು ಸಿಡಿಲು, ಬೀದಿಯ ಟ್ರಾನ್ಸ್‌ಫಾರ್ಮರಿಗೆ. ಮನೆಗೆ ಬಂದು ಕೋಣೆಯ ಬಾಗಿಲು ತೆರೆದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮುಖಕ್ಕೆ ರಾಚಿತು.

ಪೆಟ್ಟಿಗೆ ಸತ್ತಿತ್ತು. ಎರಡು ಡಿಸ್ಕೂ.

'ಪರವಾಗಿಲ್ಲ... ಮೇಲೆ ಉಂಟಲ್ಲ. ಅದಕ್ಕೇ ಅಲ್ವಾ ಮಾಡಿದ್ದು...'

ಲ್ಯಾಪ್‌ಟಾಪ್ ತೆರೆದು ಕೀ ಹಾಕಿದಳು. ಪುಟ ತೆರೆಯಿತು. ಮಾರ್ಚಿನ ಕೊನೆಯಲ್ಲಿ ಲತೇಶ್ ಪರೀಕ್ಷೆಗೆಂದು ಕಳಿಸಿದ್ದ ಕೆಲವು ಫೋಲ್ಡರುಗಳು. ಏಪ್ರಿಲ್‌ನಲ್ಲಿ ಎರಡೇ ಎರಡು ರಾತ್ರಿಯ ಚೂರುಪಾರು.

ಹಳೆಯ ಮದುವೆಗಳನ್ನು ಗಿರಾಕಿಗಳಿಗೆ ಕೊಟ್ಟಾಗಿತ್ತು, ಎಂಟನೆಯದು ಇನ್ನೂ ಕಾರ್ಡಿನಲ್ಲೇ ಇತ್ತು. ಆ ಏಳು ಮದುವೆಗಳಲ್ಲಿ ಒಂದೂ ಇರಲಿಲ್ಲ.

ಡಿಸ್ಕುಗಳನ್ನು ಚೆನ್ನೈಯ ಲ್ಯಾಬಿಗೆ ಕಳಿಸಿದ್ದಾಯಿತು. ಹನ್ನೆರಡು ದಿನದ ಮೇಲೆ ಒಂದು ಸಾಲಿನ ಉತ್ತರ ಬಂತು. ಏನೂ ಮಾಡುವಂತಿಲ್ಲ.

ಅಂದು ಅವಳು ಹಂಪನಕಟ್ಟೆಯ ಮೆಟ್ಟಿಲು ಹತ್ತಿದಾಗ ಲತೇಶ್ ಎದ್ದು ನಿಂತ.

"ದಿನಾ ರಿಪೋರ್ಟ್ ಬರ್ತಿತ್ತಲ್ಲ ನಿಮಗೆ?" ಇಷ್ಟು ದಿನ ತುಳುವಿನಲ್ಲಿ ಮಾತಾಡುತ್ತಿದ್ದವಳು ಇಂದು ಕನ್ನಡಕ್ಕೆ ಹೋಗಿದ್ದಳು. ಗಿರಾಕಿ ಅಂಗಡಿಯವನೊಡನೆ ಆಡುವ ಕನ್ನಡಕ್ಕೆ.

"ಬರ್ತಿತ್ತು."

"ಏನಂತ?"

"ಅಪೂರ್ಣ ಅಂತ."

"ನಾನು ಕೇಳಿದ ದಿನ ನೋಡಿದ್ರಾ?"

ಅವನು ತಲೆ ತಗ್ಗಿಸಿದ. "ಇಲ್ಲ. ನೋಡದೇ ಹೇಳಿದೆ. ತಪ್ಪು ನನ್ನದು."

"ಯಾಕೆ ಹೋಗ್ಲಿಲ್ಲ ಅದು? ಎಂತ ಆಗಿತ್ತು?"

ಲತೇಶ್ ಬಾಯಿ ತೆರೆದ. ಮುಚ್ಚಿದ. "ತಪ್ಪು ನನ್ನದು," ಎಂದ ಮತ್ತೊಮ್ಮೆ.

"ವಾಪಸ್ ತಂದು ನೋಡುವವರೆಗೆ ಬರೀ ಆಸೆ ಅಂತ ಹೇಳಿದವರು ನೀವೇ ಅಲ್ವಾ?" ಅವಳ ಕಣ್ಣು ಉರಿಯುತ್ತಿತ್ತು. "ನಿಮ್ಮ ಬಾಯಲ್ಲಿ ಹತ್ತು ಜನ ಇದ್ದಾರೆ, ಲತೇಶ್. ರಾಜಕಾರಣಿ, ಗುಮಾಸ್ತ, ಸೊಸೆ... ನನಗೆ 'ಮಾಡಿ' ಅಂತ ಹೇಳಿದ್ದು ಅವರಲ್ಲಿ ಯಾರು?"

ಮೇಜಿನ ಮೇಲಿನ ಫೋನ್ ಹೊಡೆದುಕೊಳ್ಳುತ್ತಿತ್ತು. ಅವನು ಎತ್ತಲಿಲ್ಲ.

"ನಿಮ್ಮ ಯಾವ ಧ್ವನಿಯೂ ನನಗಿನ್ನು ಬೇಡ," ಎಂದು ಅವಳು ಇಳಿದು ಹೋದಳು.

ಫ್ರಿಜ್ಜಿನ ಬಾಗಿಲಿಗೆ ಏಳು ಹೆಸರಿನ ಪಟ್ಟಿ ಅಂಟಿಸಿದಳು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಒಬ್ಬೊಬ್ಬರ ಮನೆಗೂ ಹೋಗಿ, ಮುಖ ನೋಡಿ ಹೇಳಬೇಕು.

ಮೊದಲ ಮನೆಯವರು ಬೈದರು. ಎರಡನೆಯವರು ಅವಳು ಜಗಲಿಯಲ್ಲಿರುವಾಗಲೇ ಬೇರೆಯವರಿಗೆ ಫೋನ್ ಮಾಡಿ, "ಆ ವಾಮಂಜೂರಿನವಳಿಗೆ ಮಾತ್ರ ಕೊಡ್ಬೇಡಿ," ಎಂದರು. ಮೂರನೆಯ ಮನೆಯ ಮದುಮಗಳು ಮೋಕ್ಷಾ ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಬಿಕ್ಕುವ ಸದ್ದು... ಬೈಗುಳವೇ ಲೇಸಾಗಿತ್ತು. ನಾಲ್ಕನೆಯವರು ಕೇಳಿದ್ದು ಒಂದೇ ಪ್ರಶ್ನೆ. "ಇನ್ನೊಂದು ಸಲ ಮದುವೆ ಮಾಡ್ಲಿಕ್ಕೆ ಆಗ್ತದಾ?"

ಒಂದೊಂದು ಮನೆಯಿಂದ ಬಂದಾಗಲೂ ಒಂದೊಂದು ಹೆಸರಿಗೆ ಗುರುತು ಹಾಕಿದಳು. ಮಾಯಿಲಪ್ಪ ದೂರದಿಂದಲೇ ಪಟ್ಟಿಯನ್ನು ನೋಡುತ್ತಿದ್ದರು. ಅವರು ಸರಿಯಾಗಿ ಉಣ್ಣುತ್ತಿರಲಿಲ್ಲ. ತನ್ನ ದುಃಖಕ್ಕೆ ಅಪ್ಪ ಸೊರಗುತ್ತಿದ್ದಾರೆ ಎಂದುಕೊಂಡಳು ಅವಳು.

ಐದನೆಯ ಮನೆ ಬಜಪೆಯಲ್ಲಿ. ಒಲಿಂಡಾ ಆಂಟಿಯದು. ಅಲ್ಲಿಗೆ ಹೋಗಲು ಅವಳ ಕಾಲೇ ಏಳುತ್ತಿರಲಿಲ್ಲ.

ಒಲಿಂಡಾರ ಮಗಳು ಡೈಸಿಯ ಮದುವೆಯಲ್ಲಿ, ಯಾರ ಎದುರೂ ನಾಲ್ಕು ಮಾತಾಡದ ಅಪ್ಪ ರುಡೊಲ್ಫ್, ಎಲ್ಲರೂ ಬಾಯಿ ಬಿಟ್ಟು ನೋಡುವಂತೆ ಮಗಳ ಕೈ ಹಿಡಿದು ಕುಣಿದಿದ್ದರು. ಮೂರು ವಾರದ ಮೇಲೆ ಎದೆನೋವೆಂದು ಮಲಗಿದವರು ಏಳಲಿಲ್ಲ. ಡೈಸಿ ಈಗ ದುಬೈಯಲ್ಲಿ. ಆ ಕುಣಿತಕ್ಕಾಗಿ ತಾಯಿ ಮಗಳು ಇಬ್ಬರೂ ಕಾಯುತ್ತಿದ್ದರು.

ಕಪ್ಪು ಸೀರೆಯ ಒಲಿಂಡಾ ಬಾಗಿಲು ತೆರೆದರು. ಅವಳು ಮಾತು ಶುರುಮಾಡುವ ಮೊದಲೇ ಕೈ ಎತ್ತಿದರು.

"ಗೊತ್ತುಂಟು. ಕೂತ್ಕೋ."

"ಆಂಟಿ... ತಪ್ಪು ನನ್ನದು..."

"ನೀನೂ ಅದನ್ನೇ ಹೇಳು!" ಎಂದರು ಒಲಿಂಡಾ. "ಹೋದ ಆದಿತ್ಯವಾರ ಒಬ್ಬ ಗಡ್ಡದವ ಬಂದ. ಮಿಸ್ಸದ ಪೂಜೆ ಮುಗಿಯುವಾಗ ಚರ್ಚಿನ ಗೇಟಿನ ಹತ್ರ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಾನೆ, 'ಡೈಸಿಯ ಮದುವೆಗೆ ಬಂದವರು ಫೋನಿನಲ್ಲಿ ತೆಗೆದ ವಿಡಿಯೋ ಉಂಟಾ, ಕೊಡ್ತೀರಾ' ಅಂತ ಒಬ್ಬೊಬ್ಬರ ಹತ್ರ ಭಿಕ್ಷೆ ಬೇಡಿದ ಹಾಗೆ. ಪಾದ್ರಿಯನ್ನೂ ಬಿಡ್ಲಿಲ್ಲ. ಆಮೇಲೆ ಇಲ್ಲಿ ಬಂದು, ತಪ್ಪು ನನ್ನದು, ಪ್ರಣೀತಾಳನ್ನು ಬೈಬೇಡಿ ಅಂದ."

ಪ್ರಣೀತಾ ಕುಳಿತಲ್ಲೇ ಕಲ್ಲಾದಳು. ಲತೇಶ್...?!

"ನಿನ್ನೆ ಒಬ್ಬರು ಮುದುಕರು. ಬಸ್ಸಿಂದ ಇಳಿದು ನಡ್ಕೊಂಡು ಬಂದ್ರು. ಒಳಗೆ ಬನ್ನಿ ಅಂದ್ರೆ ಬರ್ಲಿಲ್ಲ. ಅಂಗಳದಲ್ಲೇ ನಿಂತು, ತಪ್ಪು ನನ್ನದು, ನನ್ನ ಮಗಳದ್ದಲ್ಲ, ಆ ಹುಡುಗನದ್ದೂ ಅಲ್ಲ ಅಂತ."

"ನನ್ನ... ಅಪ್ಪನಾ?"

"ಗುಡುಗಿನ ಹೆದರಿಕೆಗೆ ದಿನಾ ಮಲಗುವಾಗ ನೆಟ್ಟಿನ ಪ್ಲಗ್ ತೆಗೀತಿದ್ರಂತೆ. ನೀನು ಏಳುವ ಮೊದಲು ಹಾಕ್ತಿದ್ರಂತೆ. ಆ ಹುಡುಗ ಅದನ್ನು ಕಂಡುಹಿಡಿದು, ತೆಗೀಬೇಡಿ ಅಂತ ಕಾಲು ಹಿಡಿದನಂತೆ. ಇವರು ಅವನ ಕೈ ಹಿಡಿದು, ಮಗಳಿಗೆ ಹೇಳ್ಬೇಡ ಅಂತ ಮಾತು ತಗೊಂಡ್ರಂತೆ." ಒಲಿಂಡಾ ಕಣ್ಣೊರೆಸಿಕೊಂಡರು. "ಮೂರು ಜನ ಬಂದು ಮೂವರೂ ನನ್ನದೇ ತಪ್ಪು ಅಂತೀರಿ! ನಾನು ಯಾರಿಗೆ ಶಾಪ ಹಾಕ್ಲಿ, ಹೇಳು!"

ಗೋಡೆಯ ಮೇಲೆ ರುಡೊಲ್ಫರ ಫೋಟೋ. ಅದರಲ್ಲೂ ಅವರು ಮಾತಾಡುವವರ ಹಾಗೆ ಕಾಣುತ್ತಿರಲಿಲ್ಲ.

"ಕುಣಿತ... ಯಾರ ಫೋನಿನಲ್ಲಾದ್ರೂ ಸಿಕ್ಕಿತಾ ಆಂಟಿ?"

"ಒಬ್ಬಳ ಫೋನಿನಲ್ಲಿ ಹನ್ನೊಂದು ಸೆಕೆಂಡ್. ಅವರ ಬೆನ್ನು ಮಾತ್ರ. ಮುಖದ ಎದುರು ಯಾರದ್ದೋ ತಲೆ."

"ಅಷ್ಟಾದ್ರೂ..."

"ಸಾಕಾಗುದಿಲ್ಲ," ಎಂದರು ಒಲಿಂಡಾ. "ಸಾಕು ಅಂತ ನಾನು ಸುಳ್ಳು ಹೇಳುದಿಲ್ಲ. ಮೂವತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಹನ್ನೊಂದು ಸೆಕೆಂಡಿನ ಬೆನ್ನು ಸಾಕಾಗುದಿಲ್ಲ. ಈಗ ಹೋಗು. ನನಗೆ ಸಿಟ್ಟು ಉಂಟು. ಯಾರ ಮೇಲೆ ಅಂತ ಗೊತ್ತಾದ್ಮೇಲೆ ಫೋನ್ ಮಾಡ್ತೇನೆ."

ಬಸ್ಸಿನಲ್ಲಿ ಬರುವಾಗ ಅವಳಿಗೆ ಅಳು ಬರಲಿಲ್ಲ. ಸಿಟ್ಟು ಮಾತ್ರ ಇತ್ತು.

ಮಾಯಿಲಪ್ಪ ಜಗಲಿಯಲ್ಲಿ ಕುಳಿತಿದ್ದರು. ಮಗಳ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

"ಎಷ್ಟು ದಿನ ತೆಗೆದ್ರಿ?"

"ದಿನಾ."

"ಲತೇಶ್ ಹೇಳಿದ ಮೇಲೂ?"

"ಎರಡು ರಾತ್ರಿ ಬಿಟ್ಟೆ ಮಗಾ. ನಿದ್ರೆಯೇ ಬರ್ಲಿಲ್ಲ. ಮೂರನೇ ದಿನ ಗುಡುಗಿತು. ಮೇಲೆ ನೀನು ಮಲಗಿದ್ದಿ, ನಿನ್ನ ತಲೆಯ ಹತ್ರವೇ ಆ ವೈರು..." ಅವರು ಜಗಲಿಯ ಕಂಬಕ್ಕೆ ಒರಗಿದರು. "ನಲವತ್ತು ದಿನ ತೆಗೆದದ್ದಕ್ಕೆ ಅದು ಮೇಲೆ ಹೋಗ್ಲಿಲ್ಲ. ತೆಗೀಲಿಕ್ಕೆ ನಾನಿಲ್ಲದ ಒಂದೇ ದಿನ ಸುಟ್ಟು ಹೋಯ್ತು. ಎರಡೂ ಕಡೆಯಿಂದ ನಾನೇ."

"ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ ಅಪ್ಪಾ!"

ಮಾಯಿಲಪ್ಪ ಅವಳನ್ನು ನೋಡಲಿಲ್ಲ.

"ಈ ಮನೆಯಲ್ಲಿ ಯಾವುದನ್ನೂ ಮುಟ್ಟಬೇಡಿ ಅಂತ ಹೇಳಿದ್ದಿ. ಮುಟ್ಟಿದೆ ಅಂತ ಹೇಗೆ ಹೇಳುವುದು?"

ಆ ಮಾತು ನೇರ ಒಳಗಿಳಿಯಿತು. ಅಪ್ಪ ಕಟ್ಟಿಸಿದ ಮನೆ. ಅಪ್ಪನ ಕೈಯ ಪ್ಲಗ್ಗುಗಳು. ಅದನ್ನು ಹೇಳಿದ ದಿನ ತನ್ನ ಧ್ವನಿ ಹೇಗಿತ್ತೆಂದು ಅವಳಿಗೆ ಈಗ ಕೇಳಿಸಿತು. ಅವಳು ಅಪ್ಪನ ಪಕ್ಕದಲ್ಲಿ ಕುಳಿತಳು. ಕ್ಷಮಿಸಿ ಎಂದು ಹೇಳಲು ಆಗಲಿಲ್ಲ, ಕ್ಷಮಿಸಿದೆ ಎಂದು ಹೇಳಲೂ ಆಗಲಿಲ್ಲ. ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ಅಷ್ಟೇ.

ಮರುದಿನ ಬೆಳಗ್ಗೆ ಹಂಪನಕಟ್ಟೆ. ಅದೇ ಮೆಟ್ಟಿಲುಗಳು.

ಲತೇಶ್ ಯಾರದೋ ಫೋನಿಗೆ ಸಾದಾ ದನಿಯಲ್ಲಿ, "ಹೌದು, ಹೇಳಿ, ಬರ್ತೇನೆ," ಎನ್ನುತ್ತಿದ್ದ. ಅವಳನ್ನು ಕಂಡು ಫೋನ್ ಕೆಳಗಿಟ್ಟ. ಮೇಜಿನ ಮೇಲೆ ಏಳು ಪೆನ್‌ಡ್ರೈವ್. ಅತಿಥಿಗಳ ಫೋನಿನಿಂದ ಕೂಡಿಸಿದ ಚೂರುಗಳು, ಒಂದೊಂದಕ್ಕೂ ಒಂದು ಹೆಸರಿನ ಚೀಟಿ. ಪಕ್ಕದಲ್ಲಿ ಮಾಯಿಲಪ್ಪನ ಕೈಬರಹದಲ್ಲಿ ಏಳು ಹೆಸರಿನ ಪಟ್ಟಿ.

"ನನ್ನ ಅಪ್ಪನ ವಿಷಯ ಯಾಕೆ ಹೇಳ್ಲಿಲ್ಲ?" ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಮಾತು ಕೊಟ್ಟಿದ್ದೆ."

"ನಾನು ನಿಮ್ಮನ್ನು ಅಷ್ಟು ಹೇಳುವಾಗಲೂ?"

"ನೀವು ಹೇಳಿದ್ದು ಸರಿ ಇತ್ತಲ್ಲ." ಅವನು ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ. "ಮೋಡ ಕಂಡ್ರೆ ಪ್ಲಗ್ ತೆಗೆಯುವ ಊರಿನಲ್ಲಿ ಹುಟ್ಟಿ, ಇಲ್ಲಿಯ ಮನೆಗೆ ರಾತ್ರಿಯ ಬ್ಯಾಕಪ್ ಹಾಕಿದವ ನಾನು. ಅದನ್ನೂ ಬಿಡಿ. ಮಾಯಿಲಣ್ಣ ಪ್ಲಗ್ ತೆಗೆದ್ರೂ ಕಾರ್ಡ್‌ನಲ್ಲಿ ಎಲ್ಲ ಇತ್ತು ಪ್ರಣೀತಾ. ಅದು ಹೋದದ್ದು ನನ್ನ ಒಂದು ಮಾತಿಗೆ."

"ಯಾಕೆ ಹಾಗೆ ಹೇಳಿದ್ರಿ?"

ಅವನು ಮೇಜಿನ ಮೇಲಿನ ಪೆನ್‌ಡ್ರೈವುಗಳನ್ನು ಸಾಲಾಗಿ ಜೋಡಿಸಿದ.

"ನೋಡಿದ್ರೆ ಇಲ್ಲ ಅಂತ ಇರ್ಬಹುದು ಅನ್ನಿಸಿತ್ತು. ಇಲ್ಲ ಅಂದ್ರೆ ನೀವು ಯಾಕೆ ಅಂತ ಕೇಳ್ತೀರಿ, ಮಾಯಿಲಣ್ಣ ಸಿಕ್ಕಿಬೀಳ್ತಾರೆ. ಹೌದು ಅಂದ್ರೆ ನೀವು ನಗ್ತೀರಿ. ನಾಲ್ಕು ಸರ್ವೀಸ್ ಮುಂದಿಟ್ಟು ಒಂದನ್ನು ಆರಿಸಿ ಕೊಟ್ಟವ ನಾನು. ಅವತ್ತು ಎರಡೇ ಇತ್ತು... ನಿಮ್ಮ ನಗುವನ್ನು ಆರಿಸಿದೆ."

ಕೆಳಗೆ ಬಸ್ಸಿನವನೊಬ್ಬ ಕೊನೆಯ ಸ್ಟಾಪಿನ ಹೆಸರನ್ನು ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್ ಎಂದು ಕೂಗುತ್ತ ಹೋದ.

"ಅದನ್ನು ನನಗೆ ಕ್ಷಮಿಸ್ಲಿಕ್ಕೆ ಆಗುದಿಲ್ಲ ಲತೇಶ್."

"ಗೊತ್ತುಂಟು."

"ಯಾವಾಗ ಆಗ್ತದೆ ಅಂತಲೂ ಗೊತ್ತಿಲ್ಲ. ಆಗದೆಯೂ ಇರ್ಬಹುದು."

"ಹ್ಞೂಂ."

"ಎಂತ ಹ್ಞೂಂ!" ಅವಳ ಧ್ವನಿ ಒಡೆಯಿತು. ಇಷ್ಟು ದಿನ ತಡೆದ ಕಣ್ಣೀರು ಕೊನೆಗೂ ಕೆನ್ನೆಗಿಳಿಯಿತು. "ನಿಮ್ಮ ಮೇಲೆ ಇಷ್ಟು ಸಿಟ್ಟು ಇಟ್ಟುಕೊಂಡು, ದಿನಾ ಬೆಳಗ್ಗೆ ಎದ್ದ ಕೂಡಲೇ ನಿಮ್ಮ ನೆನಪೇ ಯಾಕೆ ಆಗ್ಬೇಕು? ಹೇಳಿ! ಸಿಟ್ಟೂ ಉಂಟು, ಅದೂ ಉಂಟು. ಎರಡೂ ಒಂದೇ ಕಡೆ ಉಂಟು. ನಾನು ಎಂತ ಮಾಡ್ಬೇಕು?"

ಲತೇಶ್ ಒಂದು ಹೆಜ್ಜೆ ಮುಂದೆ ಬಂದು ನಿಂತ.

"ಅವತ್ತು ಹೇಳ್ಲಿಕ್ಕುಂಟು ಅಂದಿದ್ದೆನಲ್ಲ... ಈಗ ಹೇಳಿದ್ರೆ ಅದು ಸಾರಿ ಕೇಳಿದ ಹಾಗೆ ಆಗ್ತದೆ. ಅದಕ್ಕೆ ಹೇಳುದಿಲ್ಲ ಅಂತ ಮಾಡಿದ್ದೇನೆ."

"ಹೇಳಿ."

"ಪ್ರಣೀತಾ..."

"ಹೇಗೆ ಕೇಳಿದ್ರೂ ಪರವಾಗಿಲ್ಲ. ಹೇಳಿ."

"ನನಗೆ ನೀವು ಬೇಕು," ಎಂದ ಅವನು. "ನೀವು ಕ್ಷಮಿಸದಿದ್ರೂ ಬೇಕು."

ಅವಳು ಕೆನ್ನೆ ಒರೆಸಿಕೊಂಡಳು. ಮೇಜಿನ ಹತ್ತಿರ ಬಂದು ಏಳು ಪೆನ್‌ಡ್ರೈವುಗಳಲ್ಲಿ ಎರಡನ್ನು ಎತ್ತಿ ಕೈಯಲ್ಲಿಟ್ಟುಕೊಂಡಳು. ಹಗುರ, ತೀರ ಹಗುರ. ಇಷ್ಟರಲ್ಲಿ ಒಂದು ಮದುವೆ ಎಲ್ಲಿಂದ ಹಿಡಿಸೀತು?

"ಇನ್ನು ಎರಡು ಮನೆ ಬಾಕಿ ಉಂಟು. ಒಂದು ಕುಲಶೇಖರ, ಒಂದು ಸುರತ್ಕಲ್. ನಾನೊಬ್ಬಳೇ ಹೋಗಿ ಹೋಗಿ ಸಾಕಾಗಿದೆ. ಬರ್ತೀರಾ?"

"ಈಗಲೇ ಬರ್ತೇನೆ." ಅವನು ಶಟರಿನ ಬೀಗ ಹುಡುಕತೊಡಗಿದ.

"ಬೈತಾರೆ."

"ಬೈಲಿ."

"ನನಗೆ ಅಲ್ಲಿ ಅಳು ಬರ್ಬಹುದು."

"ನನಗೂ ಬರ್ಬಹುದು."

"ಇಬ್ಬರೂ ಅತ್ತರೆ ಅವರ ಹತ್ರ ಮಾತಾಡುವುದು ಯಾರು?"

ಲತೇಶ್ ಬೀಗ ಹಿಡಿದುಕೊಂಡು ನಿಂತ. ಯೋಚಿಸಿದ.

"ಒಂದು ಮನೆಯಲ್ಲಿ ನೀವು ಅಳಿ, ನಾನು ಮಾತಾಡ್ತೇನೆ. ಇನ್ನೊಂದರಲ್ಲಿ ನಾನು."

"ಮೊದಲು ಯಾರು?" ಅವಳು ಕೈ ಚಾಚಿದಳು.

ಅವನು ಅದನ್ನು ಹಿಡಿದುಕೊಂಡ. "ನೀವು ಈಗಾಗಲೇ ಶುರುಮಾಡಿದ್ದೀರಲ್ಲ."